ಆನೆ ಮತ್ತು ಆಳಸಮುದ್ರದ ಆಂಗ್ಲರ್ ಮೀನು: ಯಾವುದರ ಮೈ ಗಟ್ಟಿ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಯ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆಂದು ಆನೆಯನ್ನೂ ಆಂಗ್ಲರ್ ಮೀನನ್ನೂ ಹೋಲಿಸುವ ಚಾರ್ಟ್ ಮಾಡುತ್ತಿದ್ದಾರೆ. ಅದರಲ್ಲಿ ಬರೆದಿರುವುದು ಹೀಗೆ: "1000 ಮೀಟರ್ ಆಳದ ಒತ್ತಡ ಎಂದರೆ ಹೆಬ್ಬೆರಳಿನ ಮೇಲೆ ಆನೆ ನಿಂತಷ್ಟು. ಆನೆಯನ್ನು ಅಲ್ಲಿಗೆ ಇಳಿಸಿದರೆ ಕಾಗದದಂತೆ ಚಪ್ಪಟೆಯಾಗುತ್ತದೆ. ಮೀನನ್ನು ಮೇಲಕ್ಕೆ ತಂದರೆ ಬಲೂನಿನಂತೆ ಒಡೆಯುತ್ತದೆ. ಆದ್ದರಿಂದ ಮೀನಿನ ಮೈ ಆನೆಯದಕ್ಕಿಂತ ಗಟ್ಟಿ." ಒಬ್ಬ ಹುಡುಗಿ, "ಆ ಮೀನು ಮುಟ್ಟಿದರೆ ಜೆಲ್ಲಿಯ ಹಾಗೆ ಮೆತ್ತಗಿರುತ್ತದಂತೆ, ಮತ್ತೆ ಗಟ್ಟಿ ಹೇಗೆ?" ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಇಂಥ ಎರಡು ಪ್ರಾಣಿಗಳನ್ನು ಹೋಲಿಸುವುದೇ ತಪ್ಪೇ? ಚಾರ್ಟ್ ಬದಲಿಸಬೇಕೇ? ತರಗತಿಯಲ್ಲಿ ಮಾಡಿ ತೋರಿಸಬಹುದಾದ ಪ್ರಯೋಗ ಏನಾದರೂ ಇದೆಯೇ?

ಉತ್ತರ: ಹುಡುಗಿಯ ಅನುಮಾನ ಸರಿಯಾಗಿದೆ. ಚಾರ್ಟಿನ ಮೊದಲ ವಾಕ್ಯ ಲೆಕ್ಕದಲ್ಲಿ ತಪ್ಪಿದೆ, ನಡುವಿನ ಎರಡರಲ್ಲಿ ಸ್ವಲ್ಪ ನಿಜವಿದೆ, ಕೊನೆಯದು ಪೂರ್ತಿ ತಪ್ಪು. ಹಾಗೆಂದು ಹೋಲಿಕೆಯನ್ನು ಕೈಬಿಡಬೇಕಾಗಿಲ್ಲ. ಯಾವುದು ಗಟ್ಟಿ ಎಂದು ಕೇಳುವುದನ್ನು ಬಿಟ್ಟು, ಒತ್ತಡದ ವ್ಯತ್ಯಾಸ ದೇಹದ ಯಾವ ಭಾಗದ ಮೇಲೆ ಬೀಳುತ್ತದೆ ಎಂದು ಕೇಳಿದರೆ ಇದೇ ಜೋಡಿಯಿಂದ ಮಕ್ಕಳು ಬಹಳಷ್ಟು ಕಲಿಯಬಹುದು.

ಮೊದಲು ಲೆಕ್ಕ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು 1 ಅಟ್ಮಾಸ್ಫಿಯರ್ ಹೆಚ್ಚುತ್ತದೆ. ಒಂದು ಅಟ್ಮಾಸ್ಫಿಯರ್ ಎಂದರೆ ಚದರ ಸೆಂಟಿಮೀಟರಿಗೆ ಹತ್ತಿರಹತ್ತಿರ 1 ಕಿಲೋ ಭಾರ. 1000 ಮೀಟರಿನಲ್ಲಿ ಅದು ಚದರ ಸೆಂಟಿಮೀಟರಿಗೆ 100 ಕಿಲೋ. ಹೆಬ್ಬೆರಳಿನ ತುದಿಯನ್ನು 5 ಚದರ ಸೆಂಟಿಮೀಟರ್ ಎಂದು ಹಿಡಿದರೆ 500 ಕಿಲೋ ಆಯಿತು. ಅದು ಆನೆಯ ತೂಕವಲ್ಲ, ಒಂದು ಕುದುರೆಯ ತೂಕ. 4 ಟನ್ನಿನ ಆನೆ ಆ ಬೆರಳಿನ ಮೇಲೆ ನಿಂತಷ್ಟು ಒತ್ತಡ ಬೇಕಾದರೆ 8000 ಮೀಟರ್ ಆಳಕ್ಕೆ ಹೋಗಬೇಕು. ಅಲ್ಲಿ ಆಂಗ್ಲರ್ ಮೀನು ಸಿಗುವುದಿಲ್ಲ, ಸ್ನೇಲ್‌ಫಿಶ್ ಎಂಬ ಬೇರೆ ಜಾತಿಯ ಮೀನು ಸಿಗುತ್ತದೆ.

ಒತ್ತಡ ಎಂದರೆ ಏನೆಂದು ಹೇಳಲು ಆನೆ ಒಳ್ಳೆಯ ಉದಾಹರಣೆಯೂ ಅಲ್ಲ. ಆನೆಯ ಪಾದ ಅಗಲ. ಒಂದೊಂದು ಪಾದಕ್ಕೆ 40 ಸೆಂಟಿಮೀಟರ್ ವ್ಯಾಸ ಹಿಡಿದು 4 ಟನ್ನನ್ನು ನಾಲ್ಕಕ್ಕೂ ಹಂಚಿ ನೋಡಿ: ಚದರ ಸೆಂಟಿಮೀಟರಿಗೆ ಸುಮಾರು 0.8 ಕಿಲೋ ಬರುತ್ತದೆ. ನಿಂತ ಆನೆಯ ಪಾದದಡಿಯ ನೆಲಕ್ಕೆ ಬೀಳುವ ಒತ್ತಡ ಕೇವಲ 8 ಮೀಟರ್ ನೀರಿನಷ್ಟು. ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿ. ಭಾರ ಬೇರೆ, ಒತ್ತಡ ಬೇರೆ ಎನ್ನುವುದು ಎಷ್ಟು ವ್ಯಾಖ್ಯೆ ಓದಿಸಿದರೂ ಇಷ್ಟು ಸಲೀಸಾಗಿ ತಲೆಗೆ ಹತ್ತುವುದಿಲ್ಲ.

ಇನ್ನು ಚಪ್ಪಟೆಯಾಗುವ ಮಾತು. ಮಾಂಸ, ರಕ್ತ, ಕೊಬ್ಬುಗಳಲ್ಲಿ ಬಹುಪಾಲು ದ್ರವವೇ. ದ್ರವವನ್ನು ಕುಗ್ಗಿಸುವುದು ಬಹಳ ಕಷ್ಟ. ಸುಮಾರು 10,900 ಮೀಟರ್ ಆಳದ ಮರಿಯಾನಾ ಕಂದಕದ ತಳದಲ್ಲೂ ನೀರಿನ ಗಾತ್ರ ಕುಗ್ಗುವುದು ಶೇ 5ರ ಒಳಗೇ. ಹೊರಗೆ 100 ಅಟ್ಮಾಸ್ಫಿಯರ್ ಇದ್ದರೆ ಮೀನಿನ ಮೈಯೊಳಗೂ 100 ಅಟ್ಮಾಸ್ಫಿಯರ್ ಇರುತ್ತದೆ. ಎರಡೂ ಸರಿಸಮ ಆದ್ದರಿಂದ ತಡೆದು ನಿಲ್ಲಬೇಕಾದ ಗೋಡೆಯೇ ಬೇಡ. ಅದಕ್ಕೇ ಮೀನು ಮೆತ್ತಗಿದ್ದರೂ ನಡೆಯುತ್ತದೆ. ಜಲಾಂತರ್ಗಾಮಿಗೆ ದಪ್ಪ ಲೋಹದ ಗೋಡೆ ಬೇಕಾಗುವುದು ಒಳಗೆ 1 ಅಟ್ಮಾಸ್ಫಿಯರ್ ಗಾಳಿಯನ್ನು ಉಳಿಸಿಕೊಳ್ಳಬೇಕಾದ್ದರಿಂದ.

ಆನೆಗೆ ಕಷ್ಟ ಬರುವುದೂ ಅಲ್ಲೇ, ಗಾಳಿ ಇರುವ ಜಾಗಗಳಲ್ಲಿ. ಶ್ವಾಸಕೋಶ, ನಡುಗಿವಿ, ತಲೆಬುರುಡೆ. ಆನೆಯ ಆ ದೊಡ್ಡ ಹಣೆ ಗಟ್ಟಿ ಮೂಳೆಯ ಮುದ್ದೆ ಎಂದು ಅನೇಕರು ತಿಳಿದಿರುತ್ತಾರೆ. ಅಲ್ಲ, ತಲೆಯ ಭಾರ ತಗ್ಗಲೆಂದು ಅದರ ತುಂಬ ಗಾಳಿಗೂಡುಗಳಿವೆ. 100 ಮೀಟರ್ ಆಳದಲ್ಲಿ ಒತ್ತಡ 11 ಅಟ್ಮಾಸ್ಫಿಯರ್. ಉಸಿರು ತುಂಬಿಕೊಂಡು ಇಳಿದ ಪ್ರಾಣಿಯ ಎದೆಯೊಳಗಿನ ಗಾಳಿ ಹನ್ನೊಂದನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಪಕ್ಕೆಲುಬು ಒಂದು ಮಿತಿಯವರೆಗೆ ಬಾಗುತ್ತದೆ, ಆಮೇಲೆ ಖಾಲಿಯಾದ ಜಾಗಕ್ಕೆ ರಕ್ತವೂ ದ್ರವವೂ ನುಗ್ಗುತ್ತವೆ. ಆನೆ ಅದಕ್ಕೂ ಮೊದಲೇ ಉಸಿರುಗಟ್ಟಿ ಸಾಯುತ್ತದೆ, ಅದು ಬೇರೆ ಮಾತು. ಕಾಲು, ಸ್ನಾಯು, ಚರ್ಮ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಕಾಗದದಂತಹ ಆನೆಯ ಚಿತ್ರವನ್ನು ಚಾರ್ಟಿನಿಂದ ತೆಗೆದುಬಿಡಿ.

ಗಾಳಿಯ ತೊಡಕನ್ನು ಹೇಗೋ ನಿವಾರಿಸಿದರೂ ಎರಡನೆಯದೊಂದು ತೊಡಕು ಉಳಿಯುತ್ತದೆ. ಶಾಲಾ ಚಾರ್ಟುಗಳಲ್ಲಿ ಅದು ಕಾಣಿಸುವುದೇ ಅಪರೂಪ. ಒತ್ತಡ ಜೀವಕೋಶದ ಅಣುಗಳ ಮೇಲೂ ಕೆಲಸ ಮಾಡುತ್ತದೆ. ಪ್ರೋಟೀನ್ ತನ್ನ ಕೆಲಸ ಮಾಡುವಾಗ ಮಡಿಸಿಕೊಳ್ಳಬೇಕು, ಬಿಚ್ಚಿಕೊಳ್ಳಬೇಕು. ಆಗ ಅದರ ಗಾತ್ರ ಚೂರು ಹೆಚ್ಚುಕಡಿಮೆಯಾಗುತ್ತದೆ. ಭಾರೀ ಒತ್ತಡ ಗಾತ್ರ ಹಿಗ್ಗುವ ಹೆಜ್ಜೆಗಳಿಗೆ ಅಡ್ಡಿ ಮಾಡುತ್ತದೆ. ಜೀವಕೋಶದ ಪೊರೆಯೂ ಬಿಗಿಯಾಗುತ್ತದೆ. ಮನುಷ್ಯರಲ್ಲಿ ಇದು ಗೊತ್ತಾಗುವುದು ಹೀಲಿಯಂ ಬೆರೆಸಿದ ಗಾಳಿ ಉಸಿರಾಡುತ್ತ ಆಳಕ್ಕೆ ಇಳಿಯುವ ಮುಳುಗುಗಾರರಲ್ಲಿ. ಎದೆಯೊಳಗೂ ಹೊರಗೂ ಒತ್ತಡ ಸಮನಾಗಿದ್ದರೂ 150–200 ಮೀಟರ್ ದಾಟಿದ ಮೇಲೆ ಕೈ ನಡುಗುವುದು, ತಲೆ ಸುತ್ತುವುದು ಶುರುವಾಗುತ್ತದೆ. 1992ರಲ್ಲಿ ಫ್ರಾನ್ಸಿನ ಕಾಮೆಕ್ಸ್ ಸಂಸ್ಥೆ ಒತ್ತಡದ ಕೋಣೆಯಲ್ಲಿ ಒಬ್ಬ ಮುಳುಗುಗಾರನನ್ನು 701 ಮೀಟರಿಗೆ ಸಮನಾದ ಒತ್ತಡದವರೆಗೆ ಒಯ್ದಿತು. ಅದಕ್ಕೆ ಹೀಲಿಯಂ ಜೊತೆ ಹೈಡ್ರೋಜನ್ನನ್ನೂ ಬೆರೆಸಬೇಕಾಯಿತು.

ಆಳದ ಮೀನುಗಳು ಇದಕ್ಕೆ ಎರಡು ದಾರಿ ಕಂಡುಕೊಂಡಿವೆ. ಪೊರೆಯಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚಿರುವುದರಿಂದ ಅದು ಬಿಗಿಯಾಗದೆ ಸಡಿಲವಾಗಿ ಉಳಿಯುತ್ತದೆ. ಎರಡನೆಯದು ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ಸಣ್ಣ ಅಣು. ಇದು ಪ್ರೋಟೀನಿನ ಸುತ್ತಲಿನ ನೀರನ್ನು ಕಟ್ಟಿಹಾಕಿ ಪ್ರೋಟೀನ್ ಆಕಾರ ಕಳೆದುಕೊಳ್ಳದಂತೆ ನೋಡಿಕೊಳ್ಳುತ್ತದೆ. ಸಮುದ್ರದ ಮೀನು ಸತ್ತ ಮೇಲೆ ಬೀರುವ ವಾಸನೆ ಇದೇ ಅಣು ಒಡೆದಾಗ ಬರುವುದು. ಮೇಲ್ಭಾಗದ ಮೂಳೆಮೀನುಗಳ ಸ್ನಾಯುವಿನಲ್ಲಿ ಇದು ಕಿಲೋಗೆ ಸುಮಾರು 40 ಮಿಲಿಮೋಲ್ (ಅಣುಗಳ ಪ್ರಮಾಣ ಅಳೆಯುವ ಏಕಮಾನ) ಇದ್ದರೆ, 7000 ಮೀಟರ್ ಆಳದ ಸ್ನೇಲ್‌ಫಿಶ್‌ನಲ್ಲಿ 386ರಷ್ಟು ಅಳೆದಿದ್ದಾರೆ. ಈ ಉಪಾಯಕ್ಕೂ ಒಂದು ಕೊನೆ ಇದೆ. ಅಣುವಿನ ಪ್ರಮಾಣ ಏರಿದಂತೆ ಮೀನಿನ ಮೈದ್ರವ ಸಮುದ್ರದ ನೀರಿನಷ್ಟೇ ಸಾಂದ್ರವಾಗುತ್ತದೆ, ಇನ್ನೂ ಏರಿದರೆ ಹೊರಗಿನ ನೀರು ಮೈಯೊಳಗೆ ನುಗ್ಗುತ್ತದೆ. ಆ ಗಡಿ 8200 ಮೀಟರ್ ಆಸುಪಾಸು ಬರಬೇಕೆಂದು 2014ರಲ್ಲಿ ಲೆಕ್ಕ ಹಾಕಿದ್ದರು. 2022ರಲ್ಲಿ ಜಪಾನಿನ ದಕ್ಷಿಣದ ಇಝು-ಒಗಸವಾರ ಕಂದಕದಲ್ಲಿ 8336 ಮೀಟರಿನಲ್ಲಿ ಒಂದು ಸ್ನೇಲ್‌ಫಿಶ್ ಕ್ಯಾಮೆರಾಕ್ಕೆ ಸಿಕ್ಕಿತು. ಮೀನಿನ ಚಿತ್ರೀಕರಣದಲ್ಲಿ ಅಷ್ಟು ಆಳದ್ದು ಅದಕ್ಕೆ ಮೊದಲು ಇರಲಿಲ್ಲ. ಲೆಕ್ಕ ಹೆಚ್ಚು ತಪ್ಪಿರಲಿಲ್ಲ ಎಂದಾಯಿತು.

ಈಗ ಆನೆಯ ಪಾಲಿಗೆ ನ್ಯಾಯ ಸಲ್ಲಿಸೋಣ. ನೀರಿನ ಒತ್ತಡಕ್ಕೆ ಹೊಂದಿಕೊಂಡ ಗುರುತು ಆನೆಯ ಎದೆಯಲ್ಲೂ ಇದೆ, ಚಾರ್ಟಿನಲ್ಲಿ ಅದರ ಸುದ್ದಿಯೇ ಇಲ್ಲ. ಆನೆ ಆಳದ ನೀರು ದಾಟುವಾಗ ಮೈ ಪೂರ್ತಿ ಮುಳುಗಿಸಿ ಸೊಂಡಿಲಿನ ತುದಿಯನ್ನಷ್ಟೇ ಮೇಲೆ ಇಟ್ಟು ಉಸಿರಾಡಬಲ್ಲದು. ಆಗ ಎದೆ ಸುಮಾರು 2 ಮೀಟರ್ ಕೆಳಗಿರುತ್ತದೆ. ಮೈಮೇಲೆ ಬೀಳುವ ಒತ್ತಡ 1.2 ಅಟ್ಮಾಸ್ಫಿಯರ್, ಸೊಂಡಿಲಿನ ಮೂಲಕ ಶ್ವಾಸಕೋಶಕ್ಕೆ ಬರುವ ಗಾಳಿಯದು 1 ಅಟ್ಮಾಸ್ಫಿಯರ್. ವ್ಯತ್ಯಾಸ 0.2, ರಕ್ತದೊತ್ತಡ ಅಳೆಯುವ ಮಾಪನದಲ್ಲಿ ಹೇಳುವುದಾದರೆ 150 ಮಿಲಿಮೀಟರ್ ಪಾದರಸ. ಬೇರೆ ಸಸ್ತನಿಗಳಲ್ಲಿ ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ತೆಳು ಪೊರೆಗಳೆರಡು, ಅವುಗಳ ಮಧ್ಯೆ ತುಸು ದ್ರವ. ಆ ಪೊರೆಯ ಸಣ್ಣ ರಕ್ತನಾಳಗಳು ಇಂಥ ವ್ಯತ್ಯಾಸ ತಾಳಲಾರವು. ಸೋರುತ್ತವೆ, ಇಲ್ಲವೇ ಒಡೆಯುತ್ತವೆ. ಆನೆಯಲ್ಲಿ ಆ ಜಾಗವೇ ಇಲ್ಲ, ಅಲ್ಲಿ ನಾರಿನ ಅಂಗಾಂಶ ತುಂಬಿಕೊಂಡಿದೆ. ಸೊಂಡಿಲಿನ ಉಸಿರಾಟಕ್ಕೂ ಈ ಮುಚ್ಚಿದ ಎದೆಗೂ ಸಂಬಂಧ ಇದೆ ಎಂಬ ವಿವರಣೆಯನ್ನು ಶರೀರಕ್ರಿಯಾ ವಿಜ್ಞಾನಿ ಜಾನ್ ವೆಸ್ಟ್ 2001ರಲ್ಲಿ ಮುಂದಿಟ್ಟರು.

ನೂರು ಅಟ್ಮಾಸ್ಫಿಯರ್ ಒತ್ತಡದಲ್ಲಿ ಬದುಕುವ ಮೀನಿಗೆ ಎದುರಿಸಬೇಕಾದ ವ್ಯತ್ಯಾಸ ಸೊನ್ನೆ. ಎರಡು ಮೀಟರ್ ನೀರಿನಲ್ಲಿರುವ ಆನೆಗೆ 0.2. ಎದೆಯ ರಚನೆಯನ್ನೇ ಬದಲಿಸಿಕೊಂಡಿರುವುದು ಆನೆ. ನಿಮ್ಮ ಚಾರ್ಟಿನ ನಡುವೆ ದೊಡ್ಡ ಅಕ್ಷರದಲ್ಲಿ ಬರಬೇಕಾದ್ದು ಇದು. ಒಂದು ಎಚ್ಚರಿಕೆಯನ್ನೂ ಜೊತೆಗೆ ಹೇಳಿ: ಉದ್ದ ಪೈಪು ಬಾಯಿಗಿಟ್ಟುಕೊಂಡು ನೀರಿನಡಿ ಉಸಿರಾಡಿ ನೋಡುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಮನುಷ್ಯನ ಎದೆಯಲ್ಲಿ ಆನೆಯ ಏರ್ಪಾಡಿಲ್ಲ. ಮುಳುಗುಗಾರರ ಉಸಿರುನಳಿಕೆಯನ್ನು 40 ಸೆಂಟಿಮೀಟರ್ ಆಸುಪಾಸಿಗೇ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಒಂದು ಮೀಟರ್ ಪೈಪು ಕೂಡ ಅಪಾಯ.

ಮೇಲೆ ತಂದರೆ ಮೀನು ಒಡೆಯುತ್ತದೆಯೇ? ಮೈಯೊಳಗೆ ತೇಲಲು ನೆರವಾಗುವ ಗಾಳಿಚೀಲ ಇರುವ ಮೀನಿಗೆ ಆ ಅಪಾಯ ನಿಜ. 500 ಮೀಟರಿನಿಂದ ಎಳೆದರೆ ಚೀಲದ ಅನಿಲ 51 ಪಟ್ಟು ಹಿಗ್ಗಲು ನೋಡುತ್ತದೆ. ಚೀಲ ಹರಿಯುತ್ತದೆ, ಹೊಟ್ಟೆ ಬಾಯಿಂದ ಹೊರಬರುತ್ತದೆ, ಕಣ್ಣು ಉಬ್ಬುತ್ತದೆ. ಆದರೆ ಬೆಳೆದ ಆಳಸಮುದ್ರದ ಆಂಗ್ಲರ್ ಮೀನಿಗೆ ಗಾಳಿಚೀಲವೇ ಇಲ್ಲ. ಸ್ನೇಲ್‌ಫಿಶ್‌ಗೂ ಇಲ್ಲ, ಬ್ಲಾಬ್‌ಫಿಶ್‌ಗೂ ಇಲ್ಲ. 2003ರ ಸಂಶೋಧನಾ ಯಾನವೊಂದರಲ್ಲಿ ತೆಗೆದ ಬ್ಲಾಬ್‌ಫಿಶ್ ಫೋಟೋ, ಆ ಜೋತುಬಿದ್ದ ಮೂಗಿನ ಮುಖ, ಎಲ್ಲರೂ ನೋಡಿದ್ದೇ. 2013ರಲ್ಲಿ ಅದಕ್ಕೆ ಜಗತ್ತಿನ ಅತಿ ಕುರೂಪಿ ಪ್ರಾಣಿ ಎಂಬ ಬಿರುದೂ ಬಂತು. ನೀರಿನ ಆಸರೆ ತಪ್ಪಿ, ಬಲೆಯಲ್ಲಿ ಜಜ್ಜಿಹೋದ ಮೆದು ಮೈಯ ಸತ್ತ ಮೀನು ಅದು. ತನ್ನ ಜಾಗದಲ್ಲಿ ಅದು ಸಾಧಾರಣ ಮೀನಿನ ಆಕಾರದಲ್ಲೇ ಇರುತ್ತದೆ. ಇಂಥ ಮೀನುಗಳನ್ನು ಮೇಲೆ ತಂದಾಗ ಕೊಲ್ಲುವುದು ಸಾಮಾನ್ಯವಾಗಿ ಬಲೆಯ ಗಾಯ, 4 ಡಿಗ್ರಿಯ ನೀರಿನಿಂದ 20 ಡಿಗ್ರಿ ದಾಟಿದ ನೀರಿಗೆ ಬಂದ ಬಿಸಿ, ಮತ್ತು ಒತ್ತಡಕ್ಕೆ ಹೊಂದಿಕೊಂಡಿದ್ದ ಪೊರೆ–ಪ್ರೋಟೀನುಗಳು ಹದ ತಪ್ಪುವುದು. 2025ರ ಆರಂಭದಲ್ಲಿ ಟೆನರೀಫ್ ದ್ವೀಪದ ಬಳಿ ಒಂದು ಕಪ್ಪು ಆಂಗ್ಲರ್ ಮೀನು ಹಗಲು ಹೊತ್ತಿನಲ್ಲಿ ನೀರಿನ ಮೇಲ್ಮೈಯಲ್ಲಿ ಈಜುತ್ತಿದ್ದುದನ್ನು ಚಿತ್ರೀಕರಿಸಿದರು. ಅದು ಕೆಲವೇ ಗಂಟೆಗಳಲ್ಲಿ ಸತ್ತಿತು, ಆದರೆ ಒಡೆದಿರಲಿಲ್ಲ.

ಅದೇ ವಿಡಿಯೋ ಇನ್ನೊಂದು ತಪ್ಪು ಕಲ್ಪನೆಯನ್ನೂ ಬಯಲು ಮಾಡಿತು. ನೋಡಿದವರು ರಾಕ್ಷಸ ಗಾತ್ರದ ಮೀನು ಅಂದುಕೊಂಡರು, ಇದ್ದದ್ದು ಅಂಗೈಗಿಂತ ಚಿಕ್ಕದು. ಆ ಜಾತಿಯ ಹೆಣ್ಣು ದೊಡ್ಡದೆಂದರೆ 18 ಸೆಂಟಿಮೀಟರ್ ಆಸುಪಾಸು, ಗಂಡು 3 ಸೆಂಟಿಮೀಟರ್. ನಿಮ್ಮ ಮಕ್ಕಳು ಆನೆಯ ಪಕ್ಕದಲ್ಲಿ ಆನೆಯಷ್ಟೇ ದೊಡ್ಡ ಮೀನು ಬರೆದಿದ್ದರೆ ಅಳತೆಪಟ್ಟಿ ಹಾಕಿಸಿ.

ಹುಡುಗಿಯ 'ಮೆತ್ತಗೆ' ಎಂಬ ಮಾತಿಗೆ ಬರೋಣ. ನೆಲದ ಮೇಲೆ ಆನೆಯ ದೊಡ್ಡ ಶತ್ರು ಅದರದೇ ಭಾರ. ಅದಕ್ಕೆ ನೆಟ್ಟಗಿನ ಕಂಬಗಾಲು, ದಪ್ಪ ಮೂಳೆ ಬೇಕು. ನೀರಿನಲ್ಲಿ ಭಾರವನ್ನು ನೀರೇ ಹೊರುತ್ತದೆ. ಮೀನಿಗೆ ಬೇಕಾದ್ದು ಮುಳುಗದೆ ತೇಲದೆ ನಿಲ್ಲುವುದಷ್ಟೇ. ಗಾಳಿಚೀಲ ಬಿಟ್ಟುಕೊಟ್ಟ ಮೀನು ಅದನ್ನು ಸಾಧಿಸುವುದು ನೀರು ತುಂಬಿದ ಸ್ನಾಯು, ಹಗುರ ಮೂಳೆ, ಜೆಲ್ಲಿಯಂಥ ಅಂಗಾಂಶಗಳಿಂದ. ಇಂಥ ಮೈಯನ್ನು ಬೆಳೆಸಲು ಆಹಾರವೂ ಕಡಿಮೆ ಸಾಕು. 36 ಡಿಗ್ರಿ ಮೈಬಿಸಿ ಕಾಯ್ದುಕೊಳ್ಳುವ ಆನೆ ದಿನಕ್ಕೆ 100 ಕಿಲೋಗೂ ಹೆಚ್ಚು ಮೇವು ತಿನ್ನುತ್ತದೆ, ದಿನದ ಬಹುಪಾಲು ಅದಕ್ಕೇ ಹೋಗುತ್ತದೆ. ಆಂಗ್ಲರ್ ಹೆಣ್ಣು ತಲೆಯ ಮೇಲಿನ ಗಾಳದ ತುದಿಯಲ್ಲಿ ಬೆಳಕು ಬೀರುವ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು ನಿಂತಲ್ಲೇ ಕಾಯುತ್ತದೆ. ಆಳದ ಮೀನುಗಳು ನಿಧಾನವಾಗಿರುವುದು ಒತ್ತಡದ ದೆಸೆಯಿಂದ ಎಂದು ಬರೆಯಬೇಡಿ. ಅವುಗಳ ಜೀವನಕ್ರಿಯೆ ಆಳಕ್ಕೆ ಹೋದಂತೆ ಮಂದವಾಗುವುದಕ್ಕೆ ಹೆಚ್ಚು ಒಪ್ಪಿತವಾದ ಕಾರಣ ಕತ್ತಲೆ. ದೂರದಿಂದ ಕಾಣದ ಕಡೆ ಅಟ್ಟಿ ಹಿಡಿಯುವ, ಓಡಿ ತಪ್ಪಿಸಿಕೊಳ್ಳುವ ಸ್ನಾಯುಬಲ ಸಾಕಿಕೊಂಡು ಲಾಭವಿಲ್ಲ. ಕಣ್ಣಿನಿಂದ ಬೇಟೆಯಾಡದ ಜೆಲ್ಲಿಮೀನುಗಳಲ್ಲಿ ಆಳಕ್ಕೆ ತಕ್ಕ ಈ ಇಳಿಕೆ ಕಾಣದಿರುವುದೇ ಇದಕ್ಕೆ ಒಳ್ಳೆಯ ಸಾಕ್ಷಿ.

ಈ ಜೋಡಿಯಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನಿಸುವ ಹೋಲಿಕೆ ಒತ್ತಡದ್ದಲ್ಲ, ಇನ್ನೊಂದು ಜೀವವನ್ನು ತನ್ನ ಮೈಯಲ್ಲಿ ಇಟ್ಟುಕೊಳ್ಳುವುದು. ಆನೆ 22 ತಿಂಗಳು ಬಸಿರು ಹೊರುತ್ತದೆ. ಹೊಟ್ಟೆಯಲ್ಲಿರುವ ಮರಿಯ ಅರ್ಧ ವಂಶವಾಹಿಗಳು ತಂದೆಯವು, ಅಂದರೆ ತಾಯಿಯ ರೋಗನಿರೋಧಕ ವ್ಯವಸ್ಥೆಗೆ ಪರಕೀಯ. ಎರಡೂ ರಕ್ತಗಳು ಬೆರೆಯದಂತೆ ಮಾಸು ತಡೆಯುತ್ತದೆ. ಕೆಲವು ಆಂಗ್ಲರ್ ಜಾತಿಗಳಲ್ಲಿ ಕುಬ್ಜ ಗಂಡು ಹೆಣ್ಣಿನ ಮೈಗೆ ಕಚ್ಚಿಕೊಂಡು, ಚರ್ಮವೂ ರಕ್ತನಾಳವೂ ಒಂದಾಗಿ, ಉಳಿದ ಆಯುಷ್ಯವನ್ನು ಅಲ್ಲೇ ಕಳೆಯುತ್ತದೆ. 1922ರಲ್ಲಿ ಐಸ್‌ಲ್ಯಾಂಡಿನ ಬ್ಯಾರ್ನಿ ಸೇಮುಂಡ್ಸನ್ ಇದನ್ನು ಮೊದಲು ಕಂಡಾಗ ತಾಯಿಗೆ ಅಂಟಿದ ಮರಿಗಳೆಂದು ಭಾವಿಸಿದ್ದರು. ಅವು ಗಂಡುಗಳೆಂದು 1925ರಲ್ಲಿ ಚಾರ್ಲ್ಸ್ ಟೇಟ್ ರೀಗನ್ ತೋರಿಸಿದರು. ಬೇರೆ ಮೈಯ ಅಂಗಾಂಶವನ್ನು ಹೆಣ್ಣು ಏಕೆ ತಿರಸ್ಕರಿಸುವುದಿಲ್ಲ ಎನ್ನುವುದಕ್ಕೆ ಉತ್ತರ ಸಿಕ್ಕಿದ್ದು 2020ರಲ್ಲಿ. ಹೀಗೆ ಶಾಶ್ವತವಾಗಿ ಬೆಸೆಯುವ ಜಾತಿಗಳು ಪರಕೀಯವನ್ನು ಗುರುತಿಸಿ ಪ್ರತಿಕಾಯ ತಯಾರಿಸಲು ಬೇಕಾದ ಮುಖ್ಯ ವಂಶವಾಹಿಗಳನ್ನೇ ಕಳೆದುಕೊಂಡಿವೆ. ಮನುಷ್ಯನಲ್ಲಿ ಅವು ಕೆಟ್ಟರೆ ಶಿಶುವೇ ಬದುಕುವುದು ಕಷ್ಟ.

ಇಲ್ಲೊಂದು ಬಲೆ ಇದೆ, ಚಾರ್ಟ್ ಮಾಡುವವರು ಮೇಲಿಂದ ಮೇಲೆ ಇದರಲ್ಲಿ ಬೀಳುತ್ತಾರೆ. ಪುಸ್ತಕಗಳಲ್ಲಿ ಕಾಣುವ ದೊಡ್ಡ ಹಲ್ಲಿನ ಗುಂಡಗಿನ ಕಪ್ಪು ಮೀನು ಮೆಲನೊಸೀಟಸ್. ಅದರ ಗಂಡು ಸ್ವಲ್ಪ ಕಾಲ ಅಂಟಿಕೊಂಡು ಬಿಟ್ಟುಹೋಗುತ್ತದೆ, ಬೆಸೆದುಕೊಳ್ಳುವುದಿಲ್ಲ. ಬೆಸೆದ ಗಂಡನ್ನು ತೋರಿಸಬೇಕಿದ್ದರೆ ಸಿರೇಷಿಯಸ್ ಕುಲದ ಚಿತ್ರ ಹಾಕಿ. ಅದರ ಒಂದು ಜಾತಿಯ ಹೆಣ್ಣು 1.2 ಮೀಟರ್ ವರೆಗೂ ಬೆಳೆಯುತ್ತದೆ.

ಚಾರ್ಟಿಗೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಇದೇ ಜೋಡಿಯನ್ನು ಉಳಿಸಿಕೊಂಡು, 'ಗಟ್ಟಿ–ಮೆದು', 'ಬಲಶಾಲಿ' ಎಂಬ ಸಾಲುಗಳನ್ನು ಅಳಿಸಿ, ಭಾರ ಹೊರುವುದು, ಉಸಿರು, ಬಿಸಿ, ಆಹಾರ, ಸಂತಾನ ಎಂದು ಸಮಸ್ಯೆಗೊಂದು ಸಾಲು ಮಾಡಬಹುದು. ಇದರ ತೊಂದರೆ ಗಾತ್ರ. ಒಂದು 4 ಟನ್, ಇನ್ನೊಂದು ಕೆಲವು ನೂರು ಗ್ರಾಂ. ಕಾಣುವ ವ್ಯತ್ಯಾಸದಲ್ಲಿ ನೆಲ–ನೀರಿನದೆಷ್ಟು, ಬರೀ ಗಾತ್ರದ್ದೆಷ್ಟು ಎಂದು ತೀರ್ಪುಗಾರರು ಕೇಳಿದರೆ ಮಕ್ಕಳು ತಡವರಿಸುತ್ತಾರೆ. ಎರಡನೆಯದು, ಆನೆಯ ಬದಲು ನೇಕೆಡ್ ಮೋಲ್ ರ‍್ಯಾಟ್ ಎಂಬ ಕೂದಲಿಲ್ಲದ ಬಿಲದ ಇಲಿಯನ್ನು ತರುವುದು. ಗಾತ್ರ ಹತ್ತಿರ, ಬದುಕು ಕತ್ತಲೆಯಲ್ಲಿ, ಆಮ್ಲಜನಕವೇ ಇಲ್ಲದೆ 18 ನಿಮಿಷ ತಡೆದುಕೊಂಡ ದಾಖಲೆ ಇದೆ, ಸಂತಾನದ ಪದ್ಧತಿಯೂ ವಿಚಿತ್ರ. ವಿಜ್ಞಾನದ ದೃಷ್ಟಿಯಿಂದ ಇದು ಉತ್ತಮ, ಆದರೆ ಸೊಂಡಿಲಿನ ಪಾಠ ಕೈತಪ್ಪುತ್ತದೆ. ಮೂರನೆಯದು, ಮೂರನೇ ಕಾಲಂನಲ್ಲಿ ತಿಮಿಂಗಿಲ. ಕುವಿಯರ್ ಕೊಕ್ಕಿನ ತಿಮಿಂಗಿಲ 2992 ಮೀಟರ್ ಇಳಿದದ್ದು 2014ರಲ್ಲಿ ಪ್ರಕಟವಾದ ದಾಖಲೆ. ಎದೆಗೂಡು ಕುಗ್ಗಲು ಬಿಟ್ಟು, ಆಮ್ಲಜನಕವನ್ನು ರಕ್ತ–ಸ್ನಾಯುಗಳಲ್ಲಿ ಕೂಡಿಟ್ಟುಕೊಂಡರೆ ಸಸ್ತನಿಗೂ ಆಳ ಸಾಧ್ಯ ಎಂದು ತೋರಿಸುತ್ತದೆ. ಚಾರ್ಟ್ ತುಂಬಿಹೋಗುವ ಅಪಾಯ ಇದ್ದೇ ಇದೆ. ಪ್ರದರ್ಶನಕ್ಕೆ ದಿನ ಕಡಿಮೆ ಉಳಿದಿದ್ದರೆ ಮೊದಲನೆಯದನ್ನೇ ಆರಿಸಿ, ಗಾತ್ರದ ವಿಷಯವನ್ನು ನೀವೇ ಮೊದಲು ಬರೆದುಬಿಡಿ.

ಪ್ರಯೋಗಕ್ಕೆ ಬೇಕಾದ್ದು ಸೂಜಿ ಇಲ್ಲದ 60 ಮಿಲಿಲೀಟರಿನ ಸಿರಿಂಜು, ಅದರ ಬಾಯಿಗೆ ಹೊಂದುವ ಮುಚ್ಚಳ, ಎರಡು ಪುಟ್ಟ ಬಲೂನು. ಒಂದಕ್ಕೆ 2 ಸೆಂಟಿಮೀಟರ್ ವ್ಯಾಸ ಬರುವಷ್ಟು ಗಾಳಿ ತುಂಬಿ ಗಂಟು ಹಾಕಿ, ಗಂಟಿಗೆ ಒಂದು ಸಣ್ಣ ನಟ್ಟು ಕಟ್ಟಿ. ನಟ್ಟಿನ ಭಾರಕ್ಕೆ ಬಲೂನು ತಳದಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ತೇಲಿ ಹೋಗಿ ಬಾಯಿಗೆ ಅಡ್ಡ ಕೂರುತ್ತದೆ. ಇನ್ನೊಂದಕ್ಕೆ ನೀರು ತುಂಬಿ, ನೀರಿನೊಳಗೇ ಗಂಟು ಹಾಕಿ. ಒಂದೊಂದಾಗಿ ಸಿರಿಂಜಿನಲ್ಲಿ ಹಾಕಿ, ಕುದಿಸಿ ಆರಿಸಿದ ನೀರು ತುಂಬಿ, ಬಾಯಿ ಮೇಲೆ ಮಾಡಿ ಉಳಿದ ಗಾಳಿ ಹೊರಹಾಕಿ ಮುಚ್ಚಳ ಬಿಗಿಯಿರಿ. ಬೆರಳಿನಿಂದ ಮುಚ್ಚಿದರೆ ಜಾರಿ ನೀರು ಕಣ್ಣಿಗೆ ಚಿಮ್ಮುತ್ತದೆ, ಕನ್ನಡಕ ಹಾಕಿಸಿ. ಪಿಸ್ಟನ್ನಿನ ಮುಖ ಸುಮಾರು 6 ಚದರ ಸೆಂಟಿಮೀಟರ್. 12 ಕಿಲೋ ಬಲದಿಂದ ಒತ್ತಿದರೆ 20 ಮೀಟರ್ ಆಳದ ಒತ್ತಡ ಸಿಗುತ್ತದೆ. ಗಾಳಿಯ ಬಲೂನು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಳಿಯುವುದು ಗಾತ್ರ, ವ್ಯಾಸವಲ್ಲ. ವ್ಯಾಸ 2ರಿಂದ 1.4 ಸೆಂಟಿಮೀಟರಿಗೆ ಬರುತ್ತದೆ, ಅಷ್ಟೇ. ಮಕ್ಕಳು ಮೊದಲೇ ಈ ಲೆಕ್ಕ ಮಾಡಿಟ್ಟಿರದಿದ್ದರೆ ಪ್ರಯೋಗ ಸರಿಯಾಗಲಿಲ್ಲ ಎಂದುಕೊಳ್ಳುತ್ತಾರೆ. ಪಿಸ್ಟನ್ ಹಿಂದಕ್ಕೆ ಎಳೆದರೆ ಅದೇ ಬಲೂನು ಉಬ್ಬುತ್ತದೆ, ಇದು ಗಾಳಿಚೀಲವಿರುವ ಮೀನಿನ ಪಾಡು.

ಪ್ರದರ್ಶನಕ್ಕೆ ಮೊದಲು ಪರೀಕ್ಷಿಸಿ ನೋಡಿ. ಗಾಳಿಯ ಬಲೂನು ಇದ್ದಾಗ ಪಿಸ್ಟನ್ 3 ಮಿಲಿಲೀಟರಿನಷ್ಟು ಒಳಹೋಗಬೇಕು. ನೀರಿನ ಬಲೂನು ಇದ್ದಾಗ ರಬ್ಬರ್ ತುದಿ ಅದುಮಿಕೊಂಡು ಒಂದು ಗೆರೆ ಸರಿಯಬಹುದು, ಅದಕ್ಕಿಂತ ಹೆಚ್ಚು ಸರಿದರೆ ಸಿರಿಂಜಿನಲ್ಲೋ ಬಲೂನಿನಲ್ಲೋ ಗಾಳಿ ಉಳಿದಿದೆ. ಬಿಚ್ಚಿ ಮತ್ತೆ ತುಂಬಿ.